ಎಂಟು ಹಲ್ಲು, ನಲವತ್ತಮೂರು ಹಲ್ಲು

ಜೀಪಿನ ಹಿಂದಿನ ಹೌಸಿಂಗಿನೊಳಗೆ ಏನಾದರೂ ಮುರಿದರೆ ಆ ಸದ್ದು ಕಿವಿಗೆ ಕೇಳುವ ಮೊದಲೇ ಬೆನ್ನುಮೂಳೆಗೆ ತಟ್ಟುತ್ತದೆ. ಡಿಸೆಂಬರಿನ ಮೊದಲ ವಾರ. ಬರಬಾರದ ಹೊತ್ತಿನಲ್ಲಿ ಮಳೆ ಹಿಡಿದುಕೊಂಡಿತ್ತು. ಅರೇಬಿಕಾ ಹಣ್ಣಾಗಿ ಗಿಡದಲ್ಲಿ ನಿಲ್ಲದೆ ಉದುರುತ್ತಿತ್ತು. ಕುಯ್ದ ಹಣ್ಣನ್ನು ಅವತ್ತೇ ಪಲ್ಪರಿಗೆ ಹಾಕದಿದ್ದರೆ ಚೀಲದಲ್ಲೇ ಬಿಸಿಯೇರಿ ಹುಳಿ ಬರುತ್ತದೆ. ಕಾಫಿ ಬೆಳೆದವರಿಗೆ ಆ ಅವಸರ ಬಿಡಿಸಿ ಹೇಳಬೇಕಿಲ್ಲ. ಟ್ರೈಲರಿನಲ್ಲಿ ಹನ್ನೆರಡು ಚೀಲ. ಕೆಳಗಿನ ತೋಟದ ಮೋರಿಯ ಹತ್ತಿರ ಏರು ಶುರುವಾಗುವಲ್ಲಿ ಬಲಗಡೆಯ ಹಿಂಚಕ್ರ ಕೆಸರಿನಲ್ಲಿ ಸುಮ್ಮನೆ ತಿರುಗತೊಡಗಿತು. ಇಳಿದು ನಾಲ್ಕು ಹೊರೆ ಸೊಪ್ಪು ಕಡಿದು ಚಕ್ರದಡಿ ಹಾಕಬೇಕಿತ್ತು. ಹಾಕಲಿಲ್ಲ. ಮುಂದಿನ ಚಕ್ರಗಳಿಗೂ ಎಳೆತ ಕೊಡುವ ಗಿಡ್ಡ ಲಿವರ್ ಮೊಣಕಾಲಿನ ಪಕ್ಕದಲ್ಲೇ ಇತ್ತು. ಅದನ್ನೂ ಎಳೆಯಲಿಲ್ಲ. ಆಕ್ಸಿಲರೇಟರ್ ಒತ್ತಿದೆ. ಚಕ್ರ ಕೆಸರನ್ನು ಬಗೆಯುತ್ತ ಬಗೆಯುತ್ತ ಇದ್ದಕ್ಕಿದ್ದಂತೆ ಮೋರಿಯ ಕಲ್ಲಿನ ಅಂಚನ್ನು ಕಚ್ಚಿ ಹಿಡಿಯಿತು. ಖಡಕ್ ಎಂದು ಒಂದೇ ಒಂದು ಸದ್ದು. ಆಮೇಲೆ ಜೀಪು ಅಂಗುಲ ಅಂಗುಲ ಮುಂದೆ ಹೋದಾಗಲೆಲ್ಲ ಹೊಟ್ಟೆಯೊಳಗೆ ಯಾರೋ ಸುತ್ತಿಗೆಯಲ್ಲಿ ತಟ್ಟಿದ ಹಾಗೆ.

ನಮ್ಮದು ಸಿಜೆ-3ಬಿ. ಅಮೆರಿಕದ ವಿಲ್ಲಿಸ್ ಕಂಪನಿ 1953ರಲ್ಲಿ ತಂದ ಮಾದರಿ; ಆಮೇಲೆ ಮಹೀಂದ್ರದವರು ನಮ್ಮ ದೇಶದಲ್ಲೇ ವರ್ಷಗಟ್ಟಲೆ ಕಟ್ಟಿದರು. ಅದರ ಹರಿಕೇನ್ ಎಂಜಿನ್ನಿನಲ್ಲಿ ಇನ್‌ಲೆಟ್ ವಾಲ್ವು ತಲೆಯ ಮೇಲೆ, ಎಕ್ಸಾಸ್ಟ್ ವಾಲ್ವು ಪಕ್ಕದಲ್ಲಿ. ಹಾಗಾಗಿ ಎಂಜಿನ್ ಎತ್ತರ, ಅದನ್ನು ಮುಚ್ಚಬೇಕಾದ ಬಾನೆಟ್ಟೂ ಎತ್ತರ. ದೂರದಿಂದ ನೋಡಿದರೆ ಹುಬ್ಬೇರಿಸಿದ ಮುಖ. ಅಪ್ಪ ಅದನ್ನು ಕೊಂಡದ್ದು ಸೆಕೆಂಡ್ ಹ್ಯಾಂಡ್. ನನ್ನ ತಂಗಿ ಹುಟ್ಟುವ ಹೊತ್ತಿಗೆ ಅಮ್ಮನನ್ನು ಆಸ್ಪತ್ರೆಗೆ ಒಯ್ದದ್ದು ಅದು, ಅಪ್ಪನನ್ನು ಕೊನೆಯ ಸಲ ಮನೆಗೆ ತಂದದ್ದೂ ಅದೇ. ಅದರ ಹಲ್ಲು ಮುರಿದವನು ನಾನು ಎಂಬುದು ಅವತ್ತು ರಾತ್ರಿಯೆಲ್ಲ ನಿದ್ದೆಗೆಡಿಸಿತು.

ಮನೆ ಸೇರಿದ ಬಗೆ ಹೇಳಬೇಕು, ಏಕೆಂದರೆ ಹಳೆಯ ಜೀಪಿನ ಬುದ್ಧಿವಂತಿಕೆ ಅಲ್ಲಿ ಕಾಣುತ್ತದೆ. ಟ್ರೈಲರ್ ಕಳಚಿ ಚೀಲಗಳನ್ನು ತಲೆಹೊರೆಯಲ್ಲಿ ಕಳಿಸಿದೆವು. ಮಳೆಯಲ್ಲೇ ಅಡಿಗೆ ಮಲಗಿ ಹಿಂದಿನ ಜಾಯಿಂಟ್ ಶಾಫ್ಟಿನ ಯು-ಬೋಲ್ಟು ಬಿಚ್ಚಿ ಶಾಫ್ಟನ್ನೇ ತೆಗೆದು ಸೀಟಿನ ಮೇಲೆ ಹಾಕಿದೆವು. ಆಮೇಲೆ ಆ ಗಿಡ್ಡ ಲಿವರ್ ಎಳೆದರೆ ಮುಂದಿನ ಎರಡು ಚಕ್ರಗಳೇ ಗಾಡಿಯನ್ನು ಎಳೆದುಕೊಂಡು ಹೋಗುತ್ತವೆ. ಹಿಂದಿನವು ಸುಮ್ಮನೆ ಹಿಂಬಾಲಿಸುತ್ತವೆ. ಒಳಗೆ ಮುರಿದ ಚೂರುಗಳು ಇನ್ನೂ ಇದ್ದುದರಿಂದ ನಡಿಗೆಗಿಂತಲೂ ಮೆಲ್ಲಗೆ ಬಂದೆವು. ಅರ್ಧ ಮೈಲಿಗೆ ಮುಕ್ಕಾಲು ಗಂಟೆ.

ಆ ಹಿಂದಿನ ಹೌಸಿಂಗಿನೊಳಗೆ ಇರುವ ಡಿಫರೆನ್ಷಿಯಲ್ ಎಂದರೇನು ಎಂದು ಮರುದಿನ ಮಗಳು ಕೇಳಿದಳು. ಚಿಕ್ಕಂದಿನಲ್ಲಿ ಕಡೂರಿನ ಕಡೆಯ ಸೋದರಮಾವನ ಮನೆಯ ಕಣದಲ್ಲಿ ಹಂತಿ ಹೊಡೆಯುವುದನ್ನು ನೋಡಿದ್ದೆ, ಅದನ್ನೇ ಹೇಳಿದೆ. ಕಣದ ನಡುವೆ ಮೇಟಿಗಂಬ. ಅದಕ್ಕೆ ಒಂದೇ ಹಗ್ಗದಲ್ಲಿ ಸಾಲಾಗಿ ಕಟ್ಟಿದ ಎತ್ತುಗಳು. ಮೇಟಿಯ ಪಕ್ಕದ ಎತ್ತು ನಿಂತಲ್ಲೇ ಹೆಜ್ಜೆ ಬದಲಿಸಿದರೆ ಸಾಕು. ಅಂಚಿನ ಎತ್ತು ಮಾತ್ರ ಅಷ್ಟೇ ಹೊತ್ತಿನಲ್ಲಿ ಇಡೀ ಕಣ ಸುತ್ತಬೇಕು. ಅಂಚಿಗೆ ಚುರುಕಿನ ಹೋರಿಯನ್ನೂ ಮೇಟಿಗೆ ವಯಸ್ಸಾದ ಎತ್ತನ್ನೂ ಮಾವ ಕಟ್ಟುತ್ತಿದ್ದುದು ಅದಕ್ಕೇ. ತಿರುವಿನಲ್ಲಿ ಗಾಡಿಯ ಎರಡು ಹಿಂಚಕ್ರಗಳದ್ದೂ ಇದೇ ಪಾಡು. ಒಳಗಿನದಕ್ಕೆ ಕಡಿಮೆ ದಾರಿ, ಹೊರಗಿನದಕ್ಕೆ ಹೆಚ್ಚು ದಾರಿ. ಎತ್ತಿನಗಾಡಿಗೆ ಇದು ತೊಂದರೆಯೇ ಅಲ್ಲ, ಅದರ ಚಕ್ರಗಳು ಅಚ್ಚಿನ ಮೇಲೆ ತಮ್ಮಷ್ಟಕ್ಕೆ ತಾವು ತಿರುಗುತ್ತವೆ. ಎಳೆಯುವುದು ಎತ್ತು, ಚಕ್ರವಲ್ಲ. ಎಂಜಿನ್ನಿನ ಬಲವನ್ನು ಚಕ್ರಕ್ಕೇ ಕೊಟ್ಟು ಗಾಡಿಯನ್ನು ನೂಕಿಸಬೇಕೆಂದಾಗ ಸಿಕ್ಕು ಶುರುವಾಯಿತು. 1820ರ ದಶಕದ ಕೊನೆಗೆ ಪೆಕ್ಕೂರ್ ಎಂಬ ಫ್ರೆಂಚ್ ಕುಶಲಕರ್ಮಿ ಉಗಿಗಾಡಿಗಾಗಿ ಅದನ್ನು ಬಿಡಿಸಿದ. ಎಡಬಲದ ಆಕ್ಸಲ್ ಶಾಫ್ಟುಗಳ ತುದಿಯಲ್ಲಿ ಒಂದೊಂದು ಗೇರು, ಅವೆರಡರ ನಡುವೆ ಎರಡನ್ನೂ ಕಚ್ಚಿಕೊಂಡ ಪುಟ್ಟ ಗೇರುಗಳು. ನೇರ ದಾರಿಯಲ್ಲಿ ಪುಟ್ಟವು ತಮ್ಮ ಅಚ್ಚಿನ ಮೇಲೆ ತಿರುಗದೆ ಎರಡೂ ಕಡೆಯನ್ನು ಸಮನಾಗಿ ಹೊತ್ತು ಒಯ್ಯುತ್ತವೆ. ತಿರುವು ಬಂದಾಗ ತಾವೂ ತಿರುಗಿ, ಒಂದು ಕಡೆ ಎಷ್ಟು ಕಳೆದವೋ ಅಷ್ಟನ್ನೇ ಇನ್ನೊಂದು ಕಡೆಗೆ ಕೂಡಿಸುತ್ತವೆ. ನಮ್ಮ ಕಡೆಯ ಮೆಕ್ಯಾನಿಕ್‌ಗಳು ಆ ಪುಟ್ಟವನ್ನು ಸ್ಟಾರ್ ಗೇರ್ ಎನ್ನುತ್ತಾರೆ. ಅವನ್ನು ಹೊತ್ತು ತಿರುಗುವ ದೊಡ್ಡ ಬಳೆಯಂಥ ಗೇರು ಕ್ರೌನ್. ಎಂಜಿನ್ ಕಡೆಯಿಂದ ಬಂದು ಕ್ರೌನನ್ನು ತಿರುಗಿಸುವ ಚಿಕ್ಕದು ಪಿನಿಯನ್.

ಈ ಏರ್ಪಾಟಿಗೆ ಒಂದೇ ಕೊರತೆ. ಒಂದು ಚಕ್ರ ಕೆಸರಿನಲ್ಲಿ ಹಿಡಿತ ಬಿಟ್ಟರೆ ತಿರುಗಾಟವೆಲ್ಲ ಅದಕ್ಕೇ ಹೋಗುತ್ತದೆ. ಗಟ್ಟಿ ನೆಲದ ಮೇಲಿನ ಚಕ್ರ ಕದಲದೆ ನಿಲ್ಲುತ್ತದೆ, ಸ್ಟಾರ್ ಗೇರುಗಳು ಹುಚ್ಚು ಹಿಡಿದಂತೆ ಸುತ್ತುತ್ತವೆ. ಆ ಸುತ್ತಾಟದ ನಡುವೆ ಚಕ್ರಕ್ಕೆ ಕಲ್ಲು ಸಿಕ್ಕಿ ಗಕ್ಕನೆ ನಿಂತರೆ ಅಷ್ಟೂ ಪೆಟ್ಟು ಬೀಳುವುದು ಕೆಲವೇ ಹಲ್ಲುಗಳ ಮೇಲೆ. ಮೋರಿಯ ಹತ್ತಿರ ಆದದ್ದು ಅದು.

ಪೇಟೆಯ ಹೊರಗೆ ಬಸ್ ರಸ್ತೆಯ ಪಕ್ಕ ತಗಡಿನ ಶೆಡ್ಡಿನಲ್ಲಿ ಕೂರುವ ಮೇಸ್ತ್ರಿಗೆ ಎಪ್ಪತ್ತು ದಾಟಿದೆ. ಕಣ್ಣಿಗೆ ದಪ್ಪ ಕನ್ನಡಕ, ಎಡಗೈಯ ತೋರುಬೆರಳಿನ ತುದಿ ಇಲ್ಲ. ನಾನು ನಡೆದದ್ದೆಲ್ಲ ಹೇಳತೊಡಗಿದರೆ ಕೈ ಎತ್ತಿ ನಿಲ್ಲಿಸಿದರು. ಎಡಚಕ್ರಕ್ಕೆ ಕಲ್ಲು ಕೊಟ್ಟು ಬಲಚಕ್ರವನ್ನು ಜಾಕಿನ ಮೇಲೆ ಎತ್ತಿಸಿದರು. ಒಂದು ಉದ್ದದ ಸ್ಕ್ರೂಡ್ರೈವರಿನ ತುದಿ ಹೌಸಿಂಗಿಗೆ, ಹಿಡಿ ತಮ್ಮ ಕಿವಿಗೆ. ಶೆಡ್ಡಿನಲ್ಲಿ ಕೆಲಸ ಕಲಿಯುವ ಹುಡುಗ ಚಕ್ರವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿದ. ಒಂದು ಸುತ್ತು ಪೂರ್ತಿ, ಎರಡನೆಯ ಸುತ್ತು ಮುಗಿಯುವಾಗ ಟಕ್. ಮತ್ತೆ ಎರಡು ಸುತ್ತು, ಟಕ್. ಮೇಸ್ತ್ರಿ ಆರು ಸಲ ಎಣಿಸಿದರು.

"ಕ್ರೌನ್ ಹಲ್ಲು" ಎಂದರು.

ಲೆಕ್ಕ ಹೀಗೆ. ಒಂದು ಚಕ್ರ ನೆಲ ಹಿಡಿದು ನಿಂತಿದ್ದರೆ ಎತ್ತಿದ ಚಕ್ರ ಎರಡು ಸುತ್ತು ಬಂದಾಗ ಕ್ರೌನ್ ಬರುವುದು ಒಂದೇ ಸುತ್ತು. ಪಿನಿಯನ್ನಿನ ಹಲ್ಲು ಹೋಗಿದ್ದರೆ ಚಕ್ರದ ಒಂದೊಂದು ಸುತ್ತಿಗೂ ಎರಡು ಮೂರು ಟಕ್ ಕೇಳಬೇಕಿತ್ತು. ಡಾಕ್ಟರು ನಾಡಿ ಹಿಡಿದಂತೆ ಎನ್ನುವ ಮಾತು ನಾಲಗೆಯ ತುದಿಗೆ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ ಇದು ಎಣಿಕೆ. ಸದ್ದನ್ನು ಅಂಕಿಯಾಗಿ ಕೇಳುವ ವಿದ್ಯೆ. ಮೇಸ್ತ್ರಿ ಓದಿದ್ದು ನಾಲ್ಕನೆಯ ಕ್ಲಾಸು.

ಆದರೂ ಅವರು ಹೇಳಿದ್ದು ಅರ್ಧ ಮಾತ್ರ ಎಂದು ಬಿಚ್ಚಿದಾಗ ಗೊತ್ತಾಯಿತು. ಹಿಂದಿನ ಮುಚ್ಚಳದ ಹತ್ತು ಬೋಲ್ಟು ತೆಗೆದು ಕೆಳಗಡೆಯಿಂದ ಮುಚ್ಚಳವನ್ನು ಮೀಟಿದರು. ಎಣ್ಣೆ ಬೇಸಿನ್ನಿಗೆ ಇಳಿಯಿತು: ಕಪ್ಪು, ಅಂಟು, ಗಂಧಕದ ಘಾಟು. ಈ ಜಾತಿಯ ಕ್ರೌನು-ಪಿನಿಯನ್ನುಗಳಲ್ಲಿ ಹಲ್ಲು ಹಲ್ಲಿನ ಮೇಲೆ ಉರುಳುವುದರ ಜೊತೆಗೆ ಜಾರುತ್ತದೆ ಕೂಡ, ಸಾಮಾನ್ಯ ಎಣ್ಣೆಯ ಪೊರೆ ಆ ಒತ್ತಡಕ್ಕೆ ಹರಿದುಹೋಗುತ್ತದೆ. ಅದಕ್ಕೇ ಗಂಧಕದ ಸಂಯುಕ್ತ ಸೇರಿಸಿದ ನೈಂಟಿ ಆಯಿಲ್. ಒಮ್ಮೆ ಬಟ್ಟೆಗೆ ತಾಗಿದರೆ ನಾಲ್ಕು ಒಗೆತಕ್ಕೂ ವಾಸನೆ ಬಿಡುವುದಿಲ್ಲ. ಎಣ್ಣೆ ಇರಬೇಕಾದುದಕ್ಕಿಂತ ಬಹಳ ಕಡಿಮೆ ಇತ್ತು; ಪಿನಿಯನ್ ಆಯಿಲ್ ಸೀಲು ತಿಂಗಳುಗಟ್ಟಲೆ ಜಿನುಗುತ್ತಿದ್ದುದನ್ನು ನಾನು ನೋಡಿಯೂ ಬಿಟ್ಟಿದ್ದೆ. ಮೇಸ್ತ್ರಿ ಬೇಸಿನ್ನಿನಲ್ಲಿ ಕೈಯಾಡಿಸಿ ಒಂದೊಂದೇ ಚೂರು ತೆಗೆದು ಹಳೆಯ ಕ್ಯಾಲೆಂಡರಿನ ಹಿಂಬದಿಯ ಮೇಲೆ ಇಟ್ಟರು. ಕಾಫಿ ಬೀಜದಷ್ಟು ದೊಡ್ಡದೊಂದು, ಒಂದು ಮುಖ ಹೊಳೆಯುವ ನುಣುಪು, ಇನ್ನೊಂದು ಮುಖ ಬೆಲ್ಲದ ಅಚ್ಚು ಮುರಿದಂತೆ ಹರಳುಹರಳು. ಅದು ಸ್ಟಾರ್ ಗೇರಿನದು. ಮೊದಲು ಮುರಿದದ್ದು ಅದು. ಆ ಚೂರು ಹೋಗಿ ಕ್ರೌನಿಗೂ ಪಿನಿಯನ್ನಿಗೂ ನಡುವೆ ಸಿಕ್ಕಿ ಕ್ರೌನಿನ ಎರಡು ಹಲ್ಲುಗಳ ಮೂಲೆ ಹಾರಿಸಿತ್ತು.

ಕ್ರೌನನ್ನು ಹೊರಗೆ ತೆಗೆಯಬೇಕಾದರೆ ಮೊದಲು ಚಕ್ರದ ಹಬ್ಬು ಕಳಚಬೇಕು; ಆ ಕೆಲಸವೇ ಅರ್ಧ ದಿನ. ಈ ಜೀಪಿನಲ್ಲಿ ಆಕ್ಸಲ್ಲಿನ ತುದಿ ಮೊನಚಾಗಿ ಹೋಗುತ್ತದೆ, ಅದರ ಮೇಲೆ ಹಬ್ಬು ವರ್ಷಗಳಿಂದ ಬಿಗಿದು ಕೂತಿರುತ್ತದೆ. ಪುಲ್ಲರ್ ಹಾಕಿ ಬಿಗಿದು ಅದರ ತಲೆಗೆ ಭಾರದ ಸುತ್ತಿಗೆಯಲ್ಲಿ ಹೊಡೆಯಬೇಕು. ಮೇಸ್ತ್ರಿ ಆಕ್ಸಲ್ ನಟ್ಟನ್ನು ಪೂರ್ತಿ ತೆಗೆಯದೆ ನಾಲ್ಕು ಸುತ್ತು ಉಳಿಸಿಕೊಂಡರು, ಎಲ್ಲರನ್ನೂ ದೂರ ನಿಲ್ಲಿಸಿದರು. ಹನ್ನೊಂದನೆಯ ಪೆಟ್ಟಿಗೆ ಹಬ್ಬು ಗುಂಡು ಸಿಡಿದಂತೆ ಹಾರಿ ಆ ನಟ್ಟಿಗೆ ಬಡಿದು ನಿಂತಿತು. ನಟ್ಟು ಇಲ್ಲದಿದ್ದರೆ ಎದುರಿಗಿದ್ದವನ ಮೊಣಕಾಲು ಹೋಗುತ್ತಿತ್ತು.

ನಡುವೆ ಪೇಟೆಯಲ್ಲಿ ಒಬ್ಬರು ಬಹಳ ಪ್ರೀತಿಯಿಂದಲೇ ಸಲಹೆ ಕೊಟ್ಟರು: ಇಷ್ಟೆಲ್ಲ ಯಾಕೆ, ಗುಜರಿಯಲ್ಲಿ ಹೊಸ ಗಾಡಿಯ ಹೌಸಿಂಗ್ ಸಿಗುತ್ತದೆ, ಪೂರ್ತಿ ಕಟ್ಟಿಬಿಡಿ. ಎರಡು ದಿನದ ಕೆಲಸ. ನಾನು ಒಪ್ಪಲಿಲ್ಲ. ಹಳೆಯದರ ಮೇಲಿನ ಮೋಹ ಅದಕ್ಕೆ ಒಂದು ಕಾರಣ, ಮುಚ್ಚಿಡುವುದಿಲ್ಲ. ಆದರೆ ಗಟ್ಟಿ ಕಾರಣ ಬೇರೆ. ನಾಲ್ಕು ಚಕ್ರ ಎಳೆಯುವ ಗಾಡಿಯಲ್ಲಿ ಮುಂದಿನ ಹೌಸಿಂಗಿನ ಹಲ್ಲಿನ ಲೆಕ್ಕವೂ ಹಿಂದಿನದ್ದೂ ಒಂದೇ ಆಗಿರಬೇಕು. ನಮ್ಮ ಜೀಪಿನದು ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 43. ಅಂದರೆ ಶಾಫ್ಟು 5.38 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಹಿಂದೆ ಬೇರೆ ಲೆಕ್ಕದ್ದನ್ನು ಕೂರಿಸಿ ಫೋರ್ ವೀಲ್ ಹಾಕಿದರೆ ಮುಂಚಕ್ರ ಒಂದು ವೇಗ ಕೇಳುತ್ತದೆ, ಹಿಂಚಕ್ರ ಇನ್ನೊಂದು. ನಡುವೆ ಸಿಕ್ಕ ಗೇರುಗಳು ಒಂದನ್ನೊಂದು ಹಿಂಡಿಕೊಂಡು ಸಾಯುತ್ತವೆ.

ಆ 8 ಮತ್ತು 43 ನನ್ನ ತಲೆಯಲ್ಲಿ ಬಹಳ ದಿನ ಉಳಿಯಿತು. ಯಾಕೆ 40 ಅಲ್ಲ? 8ಕ್ಕೆ 40 ಆಗಿದ್ದರೆ ಪಿನಿಯನ್ನಿನ ಒಂದು ಹಲ್ಲು ಜೀವಮಾನವೆಲ್ಲ ಕ್ರೌನಿನ ಅದೇ ಐದು ಹಲ್ಲುಗಳನ್ನು ಮುಟ್ಟುತ್ತದೆ. ಒಂದರಲ್ಲಿ ಕೊಂಚ ಊನವಿದ್ದರೆ ಆ ಐದಕ್ಕೇ ಸದಾ ಏಟು. 43 ಆದಾಗ ಯಾವುದೂ ಹೊಂದುವುದಿಲ್ಲ. ಪ್ರತಿ ಸುತ್ತಿಗೂ ಜೋಡಿ ಬದಲಾಗುತ್ತದೆ. ಪಿನಿಯನ್ 43 ಸುತ್ತು ಬರುವಷ್ಟರಲ್ಲಿ ಇದರ ಪ್ರತಿ ಹಲ್ಲೂ ಅದರ ಪ್ರತಿ ಹಲ್ಲನ್ನೂ ಒಂದು ಸಲ ಮುಟ್ಟಿ ಮುಗಿಸಿರುತ್ತದೆ: 344 ಭೇಟಿ. ಸವೆತ ಎಲ್ಲರಿಗೂ ಸಮ. ಯಾರೋ ಎಂದೋ ಕಾಗದದ ಮೇಲೆ ಕೂತು ಹಾಕಿದ ಈ ಲೆಕ್ಕ, ಎಣ್ಣೆಯ ಕತ್ತಲೆಯಲ್ಲಿ, ಮೂಡಿಗೆರೆಯ ಏರುಗಳಲ್ಲಿ ದಶಕಗಳ ಕಾಲ ನಡೆದುಕೊಂಡು ಬಂದಿತ್ತು.

ಸಾಮಾನು ತರಲು ಬೆಂಗಳೂರಿಗೆ ಹೋದೆ. ಜೆ.ಸಿ. ರಸ್ತೆಯಲ್ಲಿ ಬೆಳಗಿನಿಂದ ತಿರುಗಿ ಒಂದು ಕ್ರೌನು-ಪಿನಿಯನ್ ಸೆಟ್ಟು ಕೊಂಡು ರಾತ್ರಿ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದೆ. ಮೇಸ್ತ್ರಿ ಕಟ್ಟು ಬಿಚ್ಚಿ, ಸೀಮೆಎಣ್ಣೆಯಲ್ಲಿ ಒರೆಸಿ, ಪಿನಿಯನ್ನಿನ ಮುಖವನ್ನೂ ಕ್ರೌನಿನ ಅಂಚನ್ನೂ ಬಿಸಿಲಿಗೆ ಹಿಡಿದು ನೋಡಿದರು. ಎರಡರ ಮೇಲೂ ನಂಬರು ಕೊರೆದಿತ್ತು. ಬೇರೆ ಬೇರೆ ನಂಬರು. "ಇವು ಗಂಡ ಹೆಂಡತಿ ಅಲ್ಲ, ಬೇರೆ ಬೇರೆ ಮನೆಯವು" ಎಂದು ಪೇಪರಿನಲ್ಲಿ ಸುತ್ತಿ ವಾಪಸು ಕೊಟ್ಟರು. ಕಾರ್ಖಾನೆಯಲ್ಲಿ ಒಂದು ಪಿನಿಯನ್ನನ್ನೂ ಒಂದು ಕ್ರೌನನ್ನೂ ಜೋಡಿ ಮಾಡಿ, ನಡುವೆ ಉಜ್ಜುಪುಡಿ ಹಾಕಿ ಒಟ್ಟಿಗೆ ಓಡಿಸಿ ಹಲ್ಲಿಗೆ ಹಲ್ಲು ಹೊಂದಿಸಿರುತ್ತಾರೆ. ಆಮೇಲೆ ಎರಡಕ್ಕೂ ಒಂದೇ ನಂಬರು. ಜೋಡಿ ತಪ್ಪಿದರೆ ಎಷ್ಟೇ ಒಳ್ಳೆಯ ಉಕ್ಕಾದರೂ ಊಳಿಡುತ್ತದೆ. ಮಾರಿದ ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆ ದುಡ್ಡು ಹೋಯಿತು. ಹಳೆಯ ಗಾಡಿ ಇಟ್ಟುಕೊಂಡವರನ್ನು ಹೀಗೆ ಕಣ್ಣುಕಟ್ಟಿ ಕಳಿಸುವುದು ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ. ಎರಡನೆಯ ಸಲ ಶಿವಾಜಿನಗರದ ಒಂದು ಗಲ್ಲಿಯಲ್ಲಿ, ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ನಂಬರು ಕೂಡಿಸಿ ನೋಡಿಯೇ ತಂದೆ. ಮೇಣದ ಕಾಗದದಲ್ಲಿ ಸುತ್ತಿಟ್ಟಿದ್ದ, ಒಮ್ಮೆಯೂ ಎಣ್ಣೆ ಕಾಣದ ಸೆಟ್ಟು.

ಕೂರಿಸುವ ಕೆಲಸಕ್ಕೆ ನಾನು ಮೂರು ದಿನ ಶೆಡ್ಡಿನಲ್ಲೇ ಇದ್ದೆ. ಹೊಸ ಹಲ್ಲು ತಂದು ಹಾಕಿದರೆ ಮುಗಿಯಿತು ಎಂದುಕೊಂಡಿದ್ದವನಿಗೆ ಕೆಲಸ ಅಲ್ಲಿಂದ ಶುರುವಾಗುತ್ತದೆ ಎಂದು ಗೊತ್ತಿರಲಿಲ್ಲ. ಪಿನಿಯನ್ ಕ್ರೌನಿನ ಕಡೆಗೆ ಎಷ್ಟು ಒಳಗೆ ಕೂರಬೇಕು, ಕ್ರೌನ್ ಪಿನಿಯನ್ನಿಗೆ ಎಷ್ಟು ಹತ್ತಿರ ಇರಬೇಕು ಎಂಬುದನ್ನೆಲ್ಲ ಕಾಗದದಂಥ ತೆಳ್ಳನೆಯ ಉಕ್ಕಿನ ಬಳೆಗಳಿಂದ ತೀರ್ಮಾನಿಸಬೇಕು. ಅವಕ್ಕೆ ಶಿಮ್ ಎನ್ನುತ್ತಾರೆ. 3 ಥೌ, 5 ಥೌ, 10 ಥೌ. ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು. ನಮ್ಮ ತಲೆಕೂದಲು ಸುಮಾರು 3 ಥೌ. ಕ್ರೌನಿಗೂ ಪಿನಿಯನ್ನಿಗೂ ನಡುವೆ ಬಿಡಬೇಕಾದ ಸಡಿಲ ಐದಾರು ಥೌ, ಎರಡು ಕೂದಲಿನಷ್ಟು. ಅದಕ್ಕಿಂತ ಬಿಗಿಯಾದರೆ ಕಾದು ಸುಡುತ್ತದೆ, ಸಡಿಲವಾದರೆ ಬಡಿದುಕೊಳ್ಳುತ್ತದೆ.

ಎಲ್ಲ ಕೂರಿಸಿದ ಮೇಲೆ ಮೇಸ್ತ್ರಿ ಪೆಟ್ಟಿಗೆಯಿಂದ ಒಂದು ಸಣ್ಣ ಡಬ್ಬಿ ತೆಗೆದರು. ಕಿತ್ತಳೆಗೆಂಪು ಪುಡಿ. ಅದನ್ನು ಎರಡು ಹನಿ ಎಣ್ಣೆಯಲ್ಲಿ ಕಲಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ಕ್ರೌನಿನ ಐದಾರು ಹಲ್ಲುಗಳಿಗೆ ತೆಳ್ಳಗೆ ಬಳಿದರು. ವರ್ಕ್‌ಶಾಪಿನ ಭಾಷೆಯಲ್ಲಿ ರೆಡ್ ಲೆಡ್. ಆಂಜನೇಯನಿಗೆ ಹಚ್ಚುವ ಹಳೆಯ ಕಾಲದ ಸಿಂಧೂರವೇ ಅದು, ಸೀಸದ ಪುಡಿ. ವಿಷವೂ ಹೌದು, ಅದನ್ನು ಮುಟ್ಟಿದ ಹುಡುಗ ಎರಡು ಸಲ ಸೋಪು ಹಾಕಿ ಕೈ ತೊಳೆಯುವವರೆಗೆ ಮೇಸ್ತ್ರಿ ಚಹಾ ಲೋಟ ಹಿಡಿಯಲು ಬಿಡಲಿಲ್ಲ. ಒಬ್ಬ ಕ್ರೌನನ್ನು ಮರದ ತುಂಡಿನಿಂದ ಒತ್ತಿ ಹಿಡಿದ, ಇನ್ನೊಬ್ಬ ಪಿನಿಯನ್ ತಿರುಗಿಸಿದ. ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ. ಪಿನಿಯನ್ನಿನ ಹಲ್ಲು ಎಲ್ಲಿ ಒತ್ತಿತೋ ಅಲ್ಲಿ ಸಿಂಧೂರ ಒರೆಸಿಹೋಗಿ ಉಕ್ಕು ಹೊಳೆಯಿತು. ಎಂಟಾಣೆ ಬಿಲ್ಲೆಯನ್ನು ಉದ್ದಕ್ಕೆ ಎಳೆದಂಥ ಒಂದು ಗುರುತು.

ಮೇಸ್ತ್ರಿ ಕನ್ನಡಕ ಹಣೆಗೇರಿಸಿ ಒಂದು ಗೇಣು ಹತ್ತಿರ ಬಾಗಿ ನೋಡಿದರು. ಗುರುತು ಹಲ್ಲಿನ ಬುಡಕ್ಕೆ ಇಳಿದಿತ್ತು. ಪಿನಿಯನ್ ಹೆಚ್ಚು ಒಳಗೆ ಬಂದಿದೆ ಎಂದು ಅರ್ಥ. ಮತ್ತೆ ಎಲ್ಲ ಬಿಚ್ಚಿ, ಬೇರಿಂಗ್ ಕಪ್ಪನ್ನು ಹಿತ್ತಾಳೆಯ ಸರಳಿನಿಂದ ತಟ್ಟಿ ಹೊರಗೆ ತೆಗೆದು, ಅದರ ಹಿಂದಿನ 10 ಥೌ ಶಿಮ್ ತೆಗೆದು, ಮತ್ತೆ ಎಲ್ಲ ಕೂರಿಸಿ, ಬಿಗಿದು, ಬಳಿದು, ತಿರುಗಿಸಿದರೆ ಸಂಜೆ. ಈಗ ಗುರುತು ಹಲ್ಲಿನ ತುದಿಗೆ ಏರಿತ್ತು. ಹುಡುಗನ ಮುಖ ಸಣ್ಣದಾಯಿತು. ಮೇಸ್ತ್ರಿ ಏನೂ ಹೇಳದೆ ಬೀಗ ಹಾಕಿ ನಮಾಜಿಗೆ ಹೋದರು. ಮರುದಿನ 3 ಥೌ ವಾಪಸು. ಈ ಸಲ ಗುರುತು ಹಲ್ಲಿನ ಎತ್ತರದ ನಡುಮಧ್ಯೆ ಬಂದಿತು, ಉದ್ದದಲ್ಲಿ ಮಾತ್ರ ಒಳತುದಿಯ ಕಡೆಗೆ ಕೂದಲೆಳೆಯಷ್ಟು ಸರಿದಿತ್ತು. ಇದನ್ನೂ ನಡುವಿಗೆ ತರಬೇಡವೇ ಎಂದೆ. ತಲೆಯಾಡಿಸಿದರು. ಟ್ರೈಲರ್ ಕಟ್ಟಿ ಏರು ಹತ್ತುವಾಗ ಆ ಭಾರಕ್ಕೆ ಕಬ್ಬಿಣವೂ ಬಗ್ಗುತ್ತದೆ, ಗುರುತು ಹೊರತುದಿಯ ಕಡೆಗೆ ಜರುಗುತ್ತದೆ. ಅಷ್ಟು ಜಾಗ ಈಗಲೇ ಬಿಟ್ಟಿರಬೇಕು. ಶೆಡ್ಡಿನಲ್ಲಿ ಖಾಲಿ ನಿಂತ ಹೌಸಿಂಗಿನೊಳಗೆ ನಮ್ಮ ಮೋರಿಯ ಏರು ಅವರಿಗೆ ಕಾಣುತ್ತಿತ್ತು.

ಡಯಲ್ ಗೇಜು ಆಮೇಲೆ ಬಂತು. ಮುಳ್ಳು ಆರು ಥೌ ತೋರಿಸಿತು. ಬೇರಿಂಗ್ ಕ್ಯಾಪುಗಳಿಗೆ ಬಿಚ್ಚುವಾಗಲೇ ಪಂಚಿನಲ್ಲಿ ಎಡಕ್ಕೆ ಒಂದು ಚುಕ್ಕೆ, ಬಲಕ್ಕೆ ಎರಡು ಚುಕ್ಕೆ ಹೊಡೆದಿದ್ದರು. ಅವನ್ನು ಅದದೇ ಜಾಗಕ್ಕೆ, ಅದದೇ ಮುಖಕ್ಕೆ ಕೂರಿಸಿದರು. ಸಿಂಧೂರ ಪೂರ್ತಿ ತೊಳೆದರು. ಮುಚ್ಚಳಕ್ಕೆ ಗ್ಯಾಸ್ಕೆಟ್ ಅಂಗಡಿಯಿಂದ ತಂದದ್ದಲ್ಲ. ದಪ್ಪ ಕಾಗದವನ್ನು ಮುಚ್ಚಳದ ಮೇಲಿಟ್ಟು ಗುಂಡುಸುತ್ತಿಗೆಯಿಂದ ಅಂಚಿನ ಸುತ್ತ ಮೆಲ್ಲಗೆ ತಟ್ಟುತ್ತ ಹೋದರೆ ಕಾಗದ ಆಕಾರಕ್ಕೆ ತಾನೇ ಕತ್ತರಿಸಿ ಬೀಳುತ್ತದೆ. ಅದನ್ನು ಹುಡುಗ ಮಾಡಿದ. ಅವನಿಗೆ ಹತ್ತೊಂಬತ್ತು ವರ್ಷ, ಕೈ ಸ್ಥಿಮಿತವಾಗಿದೆ, ಗುರುತು ಓದುವುದನ್ನು ಅರ್ಧ ಕಲಿತಿದ್ದಾನೆ. ಮಾರ್ಚಿನಲ್ಲಿ ಮಂಗಳೂರಿನ ಕಡೆ ಒಂದು ಶೋರೂಮಿಗೆ ಸೇರುತ್ತೇನೆ ಎಂದ. ಅಲ್ಲಿ ಸಂಬಳ ಇದೆ, ರಜೆ ಇದೆ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಆದರೆ ಮಲೆನಾಡಿನ ಈ ಮೂಲೆಯಲ್ಲಿ ಇನ್ನೂ ಎಷ್ಟೋ ತೋಟಗಳಲ್ಲಿ ಇಂಥ ಜೀಪುಗಳಿವೆ. ಅವುಗಳ ಹಲ್ಲಿನ ಮೇಲೆ ಸಿಂಧೂರ ಬಳಿದು ಕಾಯಿಲೆ ಓದುವವರು ನನಗೆ ಗೊತ್ತಿರುವಂತೆ ಇವರೊಬ್ಬರೇ.

ಹೊಸ ಹಲ್ಲಿಗೆ ಮೊದಲು ಭಾರ ಕೊಡಬಾರದು. ಇಪ್ಪತ್ತು ಕಿಲೋಮೀಟರ್ ಮೆಲ್ಲಗೆ ಓಡಿಸಿ, ಹೌಸಿಂಗ್ ಮುಟ್ಟಿ ನೋಡಿ, ತಣ್ಣಗಾಗಲು ಬಿಟ್ಟು, ಮತ್ತೆ ಓಡಿಸಬೇಕು. ಮೇಸ್ತ್ರಿ ಪಕ್ಕದಲ್ಲಿ ಕೂತು ಕೊಟ್ಟಿಗೆಹಾರದವರೆಗೆ ಬಂದರು. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಒಮ್ಮೆ, ಬಿಟ್ಟಾಗ ಒಮ್ಮೆ ತಲೆಯನ್ನು ಹಿಂದಕ್ಕೆ ವಾಲಿಸಿ ಕೇಳುತ್ತಿದ್ದರು. ಎಳೆಯುವಾಗ ಹಲ್ಲಿನ ಒಂದು ಮುಖ ಕೆಲಸ ಮಾಡುತ್ತದೆ, ಇಳಿಜಾರಿನಲ್ಲಿ ಬಿಟ್ಟಾಗ ಇನ್ನೊಂದು ಮುಖ, ಎರಡೂ ಸದ್ದಿಲ್ಲದಿರಬೇಕು. ಟೈರಿನ ಮೊರೆತ, ಗಾಳಿಗೆ ಟಾರ್ಪಾಲಿನ ಪಟಪಟ, ಇಷ್ಟೇ ಕೇಳಿಸಿತು. ವಾಪಸು ಬರುವಾಗ ಅವರಿಗೆ ನಿದ್ದೆ ಹತ್ತಿತ್ತು.

ಮೂರು ವಾರ ಕಳೆದು ಅರೇಬಿಕಾದ ಕೊನೆಯ ಕುಯ್ಲು. ಮಳೆ ನಿಂತಿತ್ತು, ಆದರೆ ಮೋರಿಯ ಬಳಿ ಒರತೆಯ ನೀರು ಇನ್ನೂ ಹರಿಯುತ್ತಿತ್ತು. ಏರಿನ ಬುಡದಲ್ಲಿ ಜೀಪು ನಿಲ್ಲಿಸಿ ಇಳಿದೆವು. ನಾನೂ ಇನ್ನಿಬ್ಬರೂ ಸೊಪ್ಪು ಕಡಿದು ಎರಡೂ ಹಿಂಚಕ್ರಗಳ ಮುಂದೆ ಹಾಸಿ ತುಳಿದೆವು. ಆ ಕಲ್ಲಿನ ಅಂಚಿಗೆ ಮಣ್ಣು ಕೊಟ್ಟು ಸಮ ಮಾಡಿದೆವು. ಮುಂಚಕ್ರಗಳ ಗಿಡ್ಡ ಲಿವರನ್ನೂ ಅದರ ಪಕ್ಕದ ಲೋ ಗೇರಿನ ಲಿವರನ್ನೂ ಎಳೆದು ಕ್ಲಚ್ಚು ಬಿಟ್ಟೆ. ಜೀಪು ಎಮ್ಮೆಯ ನಡಿಗೆಯಲ್ಲಿ ಹನ್ನೆರಡು ಚೀಲವನ್ನೂ ಎಳೆದುಕೊಂಡು ಮೇಲೆ ಬಂತು. ಆ ರಾತ್ರಿ ಪಲ್ಪರ್ ಹತ್ತೂವರೆಯವರೆಗೆ ಓಡಿತು.